ಹದಿನಾಲ್ಕನೇ ನಂಬರಿನ ಊಟ

ನಮ್ಮ ನೀರು ಸರಬರಾಜು ಕಚೇರಿಯ ನಲ್ಲಿ ಸಾಹೇಬರು ಒಂದು ವಾರ ರಜೆ ಬೇಕೆಂದು ಅರ್ಜಿ ಕೊಟ್ಟ ದಿನ, ಆ ಅರ್ಜಿಯನ್ನು ಯಾವ ಫೈಲಿಗೆ ಸೇರಿಸಬೇಕೆಂಬುದೇ ನನಗೆ ತಿಳಿಯಲಿಲ್ಲ. ಹನ್ನೊಂದು ವರ್ಷದಿಂದ ಅವರು ರಜೆ ಕೇಳಿದವರೇ ಅಲ್ಲ. ರಜೆ ಹಾಕಿ ರೂಮಿನಲ್ಲಿ ಕೂತರೆ ಮಾತಾಡೋಕೆ ಗೋಡೆ ಬಿಟ್ಟರೆ ಯಾರಿದ್ದಾರೆ, ಕೆಲಸಕ್ಕೆ ಬಂದರೆ ಬೈಯೋಕಾದರೂ ನಾಲ್ಕು ಜನ ಸಿಗುತ್ತಾರೆ ಅನ್ನೋದು ಅವರ ಲೆಕ್ಕಾಚಾರ.

ನಲ್ಲಿ ಸಾಹೇಬರು ಅನ್ನೋದು ಊರು ಇಟ್ಟ ಹೆಸರು. ಕಚೇರಿಯ ಪ್ರಕಾರ ಅವರು ಮೊದಲ ದರ್ಜೆ ಮೀಟರ್ ರೀಡರ್. ಇಪ್ಪತ್ತೆಂಟು ವರ್ಷದಿಂದ ಬಾಗಿಲು ಬಾಗಿಲಿಗೆ ಹೋಗಿ ನೀರಿನ ಮೀಟರು ಓದುತ್ತಿದ್ದಾರೆ. ಯಾರ ಮನೆಯ ತೊಟ್ಟಿ ಸೋರುತ್ತದೆ, ಯಾರ ಮನೆಗೆ ಬಂದ ನೆಂಟರು ಇನ್ನೂ ಹೊರಟಿಲ್ಲ, ಯಾರು ಹೊಸದಾಗಿ ತೋಟದ ಹುಚ್ಚು ಹಚ್ಚಿಕೊಂಡಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಆದರೆ ಮೀಟರು ಇರೋದು ಗೇಟಿನ ಪಕ್ಕ. ಹಾಗಾಗಿ ಅಷ್ಟು ಮನೆಗಳಲ್ಲಿ ಒಂದರ ಒಳಗಿನ ಗೋಡೆಗೂ ಯಾವ ಬಣ್ಣ ಬಳಿದಿದೆ ಅನ್ನೋದು ಅವರಿಗೆ ಗೊತ್ತಿಲ್ಲ. ಮದುವೆಯಾಗಿರಲಿಲ್ಲ. ದರ್ಜಿ ಅಂಗಡಿಯ ಮೇಲಿನ ರೂಮಿನಲ್ಲಿ ಒಂದು ತಟ್ಟೆ, ಎರಡು ಲೋಟ. ಎರಡನೇ ಲೋಟದಲ್ಲಿ ಹಲ್ಲುಜ್ಜುವ ಬ್ರಷ್ಷು ನಿಂತಿರುತ್ತಿತ್ತು.

ಭಾನುವಾರದ ಊಟ ಮಾತ್ರ ಅಕ್ಕನ ಮನೆಯಲ್ಲಿ. ಕೆಲಸ ಕೆಟ್ಟದ್ದು ಅಲ್ಲೇ. ಭಾವ ಬಟ್ಟೆ ಕಂಪನಿಯ ಏಜೆಂಟು, ಹೋದಲ್ಲಿ ಉಂಡದ್ದನ್ನು ಬಂದಲ್ಲಿ ಹೇಳುವ ಮನುಷ್ಯ. ಆ ಭಾನುವಾರ ಅವರು ಹೆಸರುವಾಸಿಯಾದ ಒಂದು ಪ್ರವಾಸಿ ನಗರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಚೌಕದ ಕಾರಂಜಿಯ ಎದುರಿಗೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ತಾವು ಊಟ ಮಾಡಿದ್ದನ್ನು ಚಮಚ ಚಮಚ ವಿವರಿಸಿದರು. ಎಂದೂ ಎದುರು ಮಾತಾಡದ ನಲ್ಲಿ ಸಾಹೇಬರ ಬಾಯಿಂದ ಆಗ ಒಂದು ಮಾತು ಜಾರಿತು.

"ಅದು ಪ್ರವಾಸಿಗರಿಗೆ ಅಂತ ಮಾಡಿರೋ ಹೋಟೆಲು ಭಾವ. ತಿಳಿದವರು ಅಲ್ಲೆಲ್ಲ ತಿನ್ನಲ್ಲ. ಊರಿನವರು ಎಲ್ಲಿ ತಿಂತಾರೋ ಅಲ್ಲಿಗೆ ಹುಡುಕಿಕೊಂಡು ಹೋಗ್ತಾರೆ."

ಇದನ್ನು ಅವರು ಹಿಂದಿನ ದಿನ ಕ್ಷೌರದಂಗಡಿಯಲ್ಲಿ, ಒಂದು ಹಳೇ ವಾರಪತ್ರಿಕೆಯಲ್ಲಿ ಓದಿದ್ದರು. ಭಾವ ತುತ್ತನ್ನು ತಟ್ಟೆಗೆ ಇಳಿಸಿ, ಇವರು ಯಾವಾಗ ಹೋಗಿದ್ದರು ಅಂತ ವಿಚಾರಿಸಿದರು. ಹೋಗಬೇಕು ಅಂತಿದ್ದೀನಿ ಅಂದರು ಸಾಹೇಬರು. ಹಾಗಾದರೆ ಹೋಗಿ, ಊರಿನವರೇ ತಿನ್ನುವ, ಜೇಬಿಗೆ ಹೊರೆಯಾಗದ ಮೂರು ಹೋಟೆಲುಗಳ ವಿಳಾಸ ಬರೆದುಕೊಂಡು ಬಾ, ಮುಂದಿನ ಸಲ ನಾನೂ ತಿಳಿದವನಾಗ್ತೀನಿ ಅಂತ ಭಾವ ನಕ್ಕರು. ಆ ನಗು ರಜೆ ಅರ್ಜಿಯಾಗಿ ಸೋಮವಾರ ನನ್ನ ಮೇಜಿಗೆ ಬಂತು.

ವಾರಪತ್ರಿಕೆಯ ಆ ಪುಟ ಅರ್ಧ ಹರಿದಿತ್ತು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಉಳಿದ ಅರ್ಧದಲ್ಲಿ ಮೂರು ಸೂತ್ರಗಳಿದ್ದವು. ತಿಂಡಿಯ ಪಟ್ಟಿಯಲ್ಲಿ ಬಣ್ಣದ ಚಿತ್ರಗಳಿದ್ದರೆ ಒಳಗೆ ಹೋಗಬೇಡಿ. ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ ಹೋಗಬೇಡಿ. ಮಧ್ಯಾಹ್ನದ ಹೊತ್ತು ಊರಿನವರ ಹಿಂದೆ ಹೋಗಿ. ಆಮೇಲೆ ಏನು ಮಾಡಬೇಕು ಅನ್ನೋದು ಹರಿದ ಭಾಗದಲ್ಲಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಅವರು ಆ ನಗರದಲ್ಲಿ ಇಳಿದರು. ಲಾಡ್ಜಿನಲ್ಲಿ ಹದಿನಾಲ್ಕನೇ ನಂಬರಿನ ರೂಮು ಸಿಕ್ಕಿತು, ನೀರಿನ ಟ್ಯಾಂಕಿನ ಪಕ್ಕಕ್ಕೆ. ಕೆಳಗೆ ತಿಂಡಿಗೆ ಹೋದಾಗ ಅಲ್ಲಿನ ಹೆಂಗಸು ತಲೆಯೆತ್ತದೆ "ನಂಬರು?" ಅಂದಳು. ಇವರು "ಹದಿನಾಲ್ಕು" ಅಂದರು. ಅವಳು ಗುರುತು ಹಾಕಿಕೊಂಡು ತಿಂಡಿ ಕೊಟ್ಟಳು. ಆ ದಿನ ಮಧ್ಯಾಹ್ನದವರೆಗೆ ಅವರು ಮತ್ತೊಬ್ಬ ಮನುಷ್ಯನ ಜೊತೆ ಆಡಿದ ಪೂರ್ತಿ ಮಾತು ಅಷ್ಟೆ.

ಊರು ಚೆಂದವಾಗಿತ್ತು. ಬೀದಿ ತುಂಬ ಹೋಟೆಲುಗಳಿದ್ದವು. ಎಲ್ಲದರ ಪಟ್ಟಿಯಲ್ಲೂ ಚಿತ್ರಗಳಿದ್ದವು, ಎಲ್ಲದರ ಬಾಗಿಲಲ್ಲೂ ಕರೆಯುವವರು ನಿಂತಿದ್ದರು. ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ನಿಂತವರನ್ನು ಈಗ ಎಲ್ಲರೂ ಒಳಗೆ ಬನ್ನಿ ಬನ್ನಿ ಅನ್ನುತ್ತಿದ್ದಾರೆ, ಇವರು ಸೂತ್ರಕ್ಕೆ ಕಟ್ಟುಬಿದ್ದು ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದಾರೆ. ಹನ್ನೆರಡಕ್ಕೆ ಅವರು ಮೂರನೇ ಸೂತ್ರ ಹಿಡಿದು ಒಬ್ಬ ಅಂಚೆಯವನ ಹಿಂದೆ ಬಿದ್ದರು. ಅಂಚೆಯವನು ಒಂಬತ್ತು ಬೀದಿ ಸುತ್ತಿ, ಪಾರ್ಕಿನ ಬೆಂಚಿನ ಮೇಲೆ ಕೂತು, ಚೀಲದಿಂದ ಮನೆಯ ಡಬ್ಬಿ ತೆಗೆದು ತಿನ್ನತೊಡಗಿದ. ಇಬ್ಬರು ಹೆಂಗಸರು ಮಾತಾಡಿಕೊಂಡು ಹಸಿದವರಂತೆ ಓಡುತ್ತಿದ್ದರು, ಅವರ ಹಿಂದೆ ಹೋದರು. ಅವರು ಚೌಕದ ಹೋಟೆಲೊಂದರ ಹಿಂಬಾಗಿಲಿಂದ ಒಳಹೊಕ್ಕು, ಏಪ್ರನ್ ಕಟ್ಟಿಕೊಂಡು ಮುಂಬಾಗಿಲಲ್ಲಿ ಪ್ರತ್ಯಕ್ಷರಾಗಿ ಇವರನ್ನೇ ಒಳಗೆ ಕರೆದರು. ಕೊನೆಗೆ ಒಬ್ಬ ಟ್ರಾಫಿಕ್ ಪೊಲೀಸಿನವನನ್ನು ಕೇಳಿದರು: ಊರಿನವರು ಊಟ ಎಲ್ಲಿ ಮಾಡ್ತಾರೆ? ಪೊಲೀಸಿನವನು ಸ್ವಲ್ಪ ಹೊತ್ತು ಇವರನ್ನೇ ನೋಡಿ, "ಮನೇಲಿ," ಅಂದ.

ಬೊಂಬೆ ಅಂಗಡಿಯ ಮುದುಕ ಇನ್ನಷ್ಟು ವಿವರ ಕೊಟ್ಟ. ಈ ಬೀದಿಗಳಲ್ಲಿ ಊರಿನವರು ಅಂತ ಯಾರೂ ಉಳಿದಿಲ್ಲ, ಮನೆಗಳೆಲ್ಲ ಲಾಡ್ಜಾಗಿವೆ, ನಾವು ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗೋರು ಅಂದ. ನಲ್ಲಿ ಸಾಹೇಬರು ನೋಟುಪುಸ್ತಕ ತೆರೆದು "ಊರಿನವರು: ಸಂಜೆವರೆಗೆ ಮಾತ್ರ" ಅಂತ ಬರೆದುಕೊಂಡರು.

ಹೊಟ್ಟೆ ತಾಳ ಹಾಕುತ್ತಿದ್ದಾಗಲೇ ಅವರಿಗೆ ಒಂದು ದೃಶ್ಯ ಕಂಡಿತು. ದೊಡ್ಡ ಹಳದಿ ಕಟ್ಟಡವೊಂದರ ಪಕ್ಕದ ಗೇಟಿನಲ್ಲಿ ಜನ ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗುತ್ತಿದ್ದಾರೆ. ಯಾರ ಕೊರಳಲ್ಲೂ ಕ್ಯಾಮೆರಾ ಇಲ್ಲ. ಕೈಯಲ್ಲಿ ಬಟ್ಟೆ ಚೀಲ, ಫ್ಲಾಸ್ಕು. ಗೇಟಿಗೆ ಬೋರ್ಡಿಲ್ಲ, ಕರೆಯುವವರಿಲ್ಲ. ಸಾಹೇಬರು ತಮ್ಮ ಕ್ಯಾಮೆರಾವನ್ನು ಚೀಲದೊಳಗೆ ತುರುಕಿ ಸಾಲಿಗೆ ಸೇರಿಕೊಂಡರು.

ಮೆಟ್ಟಿಲಿಳಿದರೆ ನೆಲಮಾಳಿಗೆಯಲ್ಲಿ ಉದ್ದನೆ ಹಾಲು. ಬೆಂಚುಗಳು, ಸ್ಟೀಲಿನ ತಟ್ಟೆಗಳು, ಗೋಡೆಗೆ ಒಂದು ಗಡಿಯಾರ. ಚಿತ್ರಗಳೇ ಇಲ್ಲ. ಕೌಂಟರಿನಲ್ಲಿ ಸೌಟು ಹಿಡಿದ ದಪ್ಪನೆಯ ಹೆಂಗಸು. ಸಾಹೇಬರ ಸರದಿ ಬಂದಾಗ ಅವಳು "ನಂಬರು?" ಅಂದಳು. ಬೆಳಿಗ್ಗೆ ಒಮ್ಮೆ ಫಲ ಕೊಟ್ಟ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. "ಹದಿನಾಲ್ಕು," ಅಂದರು.

ಸೌಟಮ್ಮನ ಕೈ ಗಾಳಿಯಲ್ಲೇ ನಿಂತಿತು. ಹದಿನಾಲ್ಕಾ ಅಂತ ಮತ್ತೆ ಕೇಳಿದಳು. ಅಂತೂ ಬಂದ್ರಲ್ಲ ಅಂದಳು. ಆಮೇಲೆ ತಟ್ಟೆಗೆ ಸೂಪು ಬಡಿಸಿ, ಬ್ರೆಡ್ಡು ಇಟ್ಟು, ಬೇಯಿಸಿದ ತರಕಾರಿ ಒಂದು ಸೌಟು ಹಾಕಿ, ಇವರ ಮುಖ ನೋಡಿ ಇನ್ನೊಂದು ಸೌಟು ಹಾಕಿದಳು. ಕೊಡಬೇಕಾದ ಹಣ ಎಷ್ಟು ಕಡಿಮೆ ಎಂದರೆ ಸಾಹೇಬರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಊಟ ಬಿಸಿಯಾಗಿತ್ತು, ರುಚಿಯಾಗಿತ್ತು. ಸುತ್ತ ಕೂತವರು ಮಾತಿಲ್ಲದೆ, ನಗುವಿಲ್ಲದೆ ತಿನ್ನುತ್ತಿದ್ದರು. ಸಾಹೇಬರು ನೋಟುಪುಸ್ತಕದಲ್ಲಿ ಬರೆದರು: "ಯಜಮಾನಿತಿ ಬಹಳ ಅಂತಃಕರಣದವಳು. ಊರಿನವರು ಊಟದ ವಿಷಯದಲ್ಲಿ ಗಂಭೀರ. ಎದುರಿನವರು ಕಣ್ಣೀರು ಹಾಕಿಕೊಂಡು ತಿನ್ನುತ್ತಿದ್ದಾರೆ, ಬಹುಶಃ ಖಾರ." ತಮ್ಮ ತಟ್ಟೆಯಲ್ಲಿ ಖಾರವೇ ಇಲ್ಲವಲ್ಲ ಅನ್ನೋದು ಅವರಿಗೆ ಹೊಳೆಯುವ ಹೊತ್ತಿಗೆ ಬಿಳಿ ಬಟ್ಟೆಯ ಒಬ್ಬ ಹೆಂಗಸು ಮೆಟ್ಟಿಲಿಳಿದು ಬಂದು, ಹದಿನಾಲ್ಕನೇ ನಂಬರಿನವರು ಯಾರು ಅಂತ ಕೇಳಿದಳು. ಸೌಟಮ್ಮ ಸೌಟಿನಿಂದಲೇ ತೋರಿಸಿದಳು.

ಒಳ್ಳೆಯ ಹೋಟೆಲುಗಳಲ್ಲಿ ಮೆಚ್ಚಿನ ಗಿರಾಕಿಗೆ ಅಡುಗೆಮನೆ ತೋರಿಸುತ್ತಾರೆ ಅಂತ ಸಾಹೇಬರು ಎಲ್ಲೋ ಕೇಳಿದ್ದರು. ಕೈ ತೊಳೆದು ಹಿಂದೆ ಹೊರಟರು. ಎಲ್ಲೆಲ್ಲೂ ಬಿಳಿ ಕೋಟು, ಮುಖಕ್ಕೆ ಬಟ್ಟೆ, ಕೈಗೆ ಕವಚ. ಇಷ್ಟು ಶುಚಿಯಾದ ಅಡುಗೆಯವರನ್ನು ಅವರು ಕಂಡೇ ಇರಲಿಲ್ಲ. ಎರಡನೇ ಮಹಡಿಯಲ್ಲಿ ಫಿನಾಯಿಲಿನ ವಾಸನೆ ಮೂಗಿಗೆ ಬಡಿಯಿತು. ಮೂರನೇ ಮಹಡಿಯಲ್ಲಿ ಒಬ್ಬನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲಿಗೆ ಇದು ಹೋಟೆಲಲ್ಲ, ಆಸ್ಪತ್ರೆ ಅನ್ನೋದು ನಮ್ಮ ಸಾಹೇಬರಿಗೆ ಹೊಳೆಯಿತು.

ಹದಿನಾಲ್ಕನೇ ಬೆಡ್ಡಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಮನುಷ್ಯ ಮಲಗಿದ್ದ. ತೆಳ್ಳಗೆ, ಬಿಳಿ ಕೂದಲನ್ನು ನೀಟಾಗಿ ಬಾಚಿಕೊಂಡಿದ್ದ. ಪಿತ್ತಕೋಶದಲ್ಲಿ ಕಲ್ಲು. ಹನ್ನೊಂದು ದಿನದಿಂದ ಬಿದ್ದಿದ್ದಾನೆ. ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಜೊತೆಗೆ ಯಾರಾದರೂ ಇರಬೇಕು ಅಂತ ನರ್ಸಮ್ಮ ಕೇಳಿದಾಗಲೆಲ್ಲ ನನ್ನ ತಮ್ಮ ಬರ್ತಾನೆ, ಇವತ್ತು ಬರ್ತಾನೆ, ನಾಳೆ ಬರ್ತಾನೆ ಅನ್ನುತ್ತಿದ್ದ. ಆಪರೇಷನ್ ಎರಡು ಸಲ ಮುಂದೆ ಹೋಗಿತ್ತು.

"ನೋಡಿ, ನಿಮ್ಮ ತಮ್ಮ," ಅಂದಳು ನರ್ಸಮ್ಮ.

ಮಲಗಿದ್ದವನು ನಲ್ಲಿ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸಾಹೇಬರು ಬಾಯಿ ತೆರೆದರು.

"ಹೌದು," ಅಂದ ಆ ಮನುಷ್ಯ. "ಇವನೇ. ಸ್ವಲ್ಪ ನಿಧಾನ ನಮ್ಮ ಹುಡುಗ."

ಆಮೇಲೆ ಅರ್ಧ ಗಂಟೆ ಸಾಹೇಬರಿಗೆ ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ನರ್ಸಮ್ಮ ಬೈದಳು. ಇವರ ಜೇಬಿನಿಂದ ಇಣುಕುತ್ತಿದ್ದ ಪ್ರವಾಸಿ ನಕ್ಷೆಯನ್ನು ಎಳೆದು ಇಡೀ ವಾರ್ಡಿಗೆ ತೋರಿಸಿ, ಒಡಹುಟ್ಟಿದವನು ಇಲ್ಲಿ ನರಳ್ತಾ ಇದ್ದರೆ ಊರು ನೋಡ್ತಾ ಇದ್ರಾ ಅಂದಳು. ಹದಿಮೂರನೇ ಬೆಡ್ಡಿನ ಲಾರಿ ಡ್ರೈವರನ ಅತ್ತೆ, ಈಗಿನ ಕಾಲದಲ್ಲಿ ರಕ್ತ ಅನ್ನೋದು ನೀರಿಗಿಂತ ತೆಳ್ಳಗಾಗಿದೆ ಅಂದಳು. ಹದಿನೈದನೇ ಬೆಡ್ಡಿನ ನಿವೃತ್ತ ಮೇಷ್ಟರು ಸಹೋದರ ಪ್ರೇಮದ ಮೇಲೆ ಸಣ್ಣ ಪಾಠ ಮಾಡಿದರು. ರೌಂಡ್ಸಿಗೆ ಬಂದ ಡಾಕ್ಟರು ಏನೂ ಅನ್ನದೆ ಕನ್ನಡಕದ ಮೇಲಿಂದ ನೋಡಿ ಹೋದರು, ಅದು ಎಲ್ಲಕ್ಕಿಂತ ಹೆಚ್ಚಾಗಿ ತಾಕಿತು. ಸಾಹೇಬರ ಕೆಲಸದಲ್ಲಿ ಬೈಸಿಕೊಳ್ಳೋದು ಅಭ್ಯಾಸ. ಬಿಲ್ಲು ಜಾಸ್ತಿ ಬಂದವರಿಗೆಲ್ಲ ತಪ್ಪಾಯ್ತು, ನೋಡ್ತೀನಿ ಅಂತ ಅವರು ಹೇಳುತ್ತಲೇ ಬಂದವರು. ಇಲ್ಲೂ ತಪ್ಪಾಯ್ತು, ನೋಡ್ತೀನಿ ಅಂದರು.

ಎಲ್ಲರೂ ಅವರವರ ಪಾಡಿಗೆ ಹೋದ ಮೇಲೆ ಬೆಡ್ಡಿನವನು ತಗ್ಗಿದ ದನಿಯಲ್ಲಿ, ಯಾರು ನೀವು ಅಂತ ವಿಚಾರಿಸಿದ.

"ನಾನು ಊಟಕ್ಕೆ ಬಂದಿದ್ದೆ," ಅಂದರು ಸಾಹೇಬರು.

ಆ ಮನುಷ್ಯ ನಗಲಿಲ್ಲ. ಮೂವತ್ತೆಂಟು ವರ್ಷ ಚೌಕದ ಹೋಟೆಲಿನಲ್ಲಿ ಊಟ ಬಡಿಸಿದವನು ಅವನು. ಊಟಕ್ಕೆ ಬಂದವರನ್ನು ನೋಡಿ ನಗುವ ಅಭ್ಯಾಸವೇ ಅವನಿಗಿರಲಿಲ್ಲ. ಗುರುವಾರ ಆಪರೇಷನ್ನು, ಎರಡು ಗಂಟೆ ಹೊರಗೆ ಕುರ್ಚಿ ಮೇಲೆ ಕೂತರೆ ಸಾಕು, ಮತ್ತೇನೂ ಬೇಡ ಅಂದ. ನಿಜ ಹೇಳಿದರೆ ಇನ್ನೊಂದು ವಾರ ಮುಂದೆ ಹೋಗುತ್ತದೆ ಅಂದ. ತಮ್ಮ ನಿಜವಾಗಿ ಇದ್ದಾನಾ ಅಂತ ಸಾಹೇಬರು ಕೇಳಿದರು. ಇದ್ದ ಅಂತ ಮಾತ್ರ ಉತ್ತರ ಬಂತು. ಸುಮ್ಮನೆ ಬೇಡ, ಬದಲಿಗೆ ನಿನಗೇನು ಬೇಕು ಹೇಳು ಅಂತ ಆತ ಏಕವಚನಕ್ಕೆ ಇಳಿದ, ಹೇಗೂ ಅಣ್ಣನಾಗಿದ್ದನಲ್ಲ. ಸಾಹೇಬರು ಭಾವನ ಕಥೆ ಹೇಳಿದರು. ಬೆಡ್ಡಿನವನ ಕಣ್ಣು ಮೊದಲ ಸಲ ಹೊಳೆಯಿತು. ಬರೆದುಕೋ ಅಂದ. ಮೂರು ಹೋಟೆಲು, ಮೂರೂ ಊರಿನವರದ್ದು. ದಾರಿ, ತಿರುವು, ಬಾಗಿಲ ಬಣ್ಣ, ಯಾವ ಮೂಲೆಯ ಮೇಜು ಒಳ್ಳೇದು, ಎಲ್ಲಾ ಬರೆಸಿದ. ಕೊನೆಗೆ, "ತಿಂದು ಬಂದು ಹೇಳು. ನನಗೆ ಹನ್ನೊಂದು ದಿನದಿಂದ ಉಪ್ಪಿಲ್ಲದ ಗಂಜಿ," ಅಂದ.

ಮಂಗಳವಾರ ನಲ್ಲಿ ಸಾಹೇಬರು ಮೊದಲ ವಿಳಾಸಕ್ಕೆ ಹೋದರು. ಹಸಿರು ಬಾಗಿಲಿತ್ತು. ಒಳಗೆ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬೊಂಬೆಗಳನ್ನು ಮಾರುತ್ತಿದ್ದರು. ಎರಡನೆಯದು ಪ್ರವಾಸಿಗರ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವ ಗೋದಾಮಾಗಿತ್ತು. ಮೂರನೆಯದಕ್ಕೆ ಬೀಗ, ಬೀಗಕ್ಕೆ ತುಕ್ಕು, ತುಕ್ಕಿನ ಮೇಲೆ ಜೇಡ. ಪಕ್ಕದ ಕಿಟಕಿಯಿಂದ ಒಬ್ಬ ಮುದುಕಿ, ಅದು ಮುಚ್ಚಿ ಒಂಬತ್ತು ವರ್ಷವಾಯಿತು, ಯಾರು ಕಳಿಸಿದ್ದು ಅಂತ ಕೇಳಿದಳು. ನಮ್ಮಣ್ಣ ಅಂದರು ಸಾಹೇಬರು. ಹಾಗಂದ ಮೇಲೆ ತಾವೇ ಬೆಚ್ಚಿ ಎರಡು ಬೀದಿ ಬೇಗ ಬೇಗ ನಡೆದರು. ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಎರಡು ಬಾಳೆಹಣ್ಣು ತಿಂದರು. ಅದು ಆ ದಿನದ ಊಟ.

ವಾರ್ಡಿಗೆ ಬಂದಾಗ ಬೆಡ್ಡಿನವನು ದಿಂಬಿಗೆ ಒರಗಿ ಕಾಯುತ್ತಿದ್ದ. ಗಂಜಿಯ ಬಟ್ಟಲು ಮುಟ್ಟದೆ ಇತ್ತು. ನೀನು ಬಂದ ಮೇಲೆ ಕುಡಿಯೋಣ ಅಂತಿದ್ದೆ, ಹಸಿರು ಬಾಗಿಲಿಗೆ ಹೋಗಿದ್ಯಾ, ಜನ ಇತ್ತಾ ಅಂತ ಕೇಳಿದ.

ನಲ್ಲಿ ಸಾಹೇಬರು ಮೀಟರಿನಲ್ಲಿ ಇಲ್ಲದ ಒಂದು ಅಂಕೆಯನ್ನೂ ಎಂದೂ ಬರೆದವರಲ್ಲ. ಆ ದಿನ ಬರೆದರು. ಜನವೋ ಜನ, ಕೂರೋಕೆ ಜಾಗ ಇರಲಿಲ್ಲ ಅಂದರು. ಎಲ್ಲಿ ಕೂತೆ? ಮೂಲೇಲಿ. ಯಾವ ಮೂಲೆ, ಒಲೆಯ ಕಡೆಯದೋ ಕಿಟಕಿಯ ಕಡೆಯದೋ? ಕಿಟಕಿಯ ಕಡೆಯದು. ತಪ್ಪು ಮಾಡಿದೆ, ಒಲೆಯ ಕಡೆಯದಕ್ಕೆ ಮೊದಲು ಬಡಿಸ್ತಾರೆ. ಬಡಿಸಿದವನು ಯಾರು, ಕುಂಟನಾ? ಕುಂಟ ಅಲ್ಲ, ಅವನ ಮಗ ಇರಬೇಕು. ಹಾಗಾದರೆ ಕುಂಟ ಮದುವೆಯಾದ ಅನ್ನು, ಅಂತ ಬೆಡ್ಡಿನವನು ಖುಷಿಪಟ್ಟ. ಸೂಪಿನಲ್ಲಿ ಬೆಳ್ಳುಳ್ಳಿ ಕರುಕಲಾಗಿತ್ತಾ? ಸ್ವಲ್ಪ. ಸ್ವಲ್ಪ ಕರುಕಲಾಗಲೇಬೇಕು, ಅಲ್ಲೇ ಇರೋದು ಅದರ ಗುಟ್ಟು. ಹೀಗೆ ಪ್ರಶ್ನೆಯಿಂದ ಪ್ರಶ್ನೆಗೆ ಸಾಹೇಬರು ಏಳು ಬಗೆ ಉಂಡರು. ಬೆಡ್ಡಿನವನು ಅವರ ಮುಖ ನೋಡುತ್ತ ಗಂಜಿ ಪೂರ್ತಿ ಕುಡಿದ. ಸುತ್ತಲಿನ ಬೆಡ್ಡುಗಳಲ್ಲಿ ಮಾತು ನಿಂತುಹೋಗಿತ್ತು. ಮೇಷ್ಟರು ಎದ್ದು ಕೂತಿದ್ದರು. ಲಾರಿ ಡ್ರೈವರನ ಅತ್ತೆ ಬೆಲೆ ಎಷ್ಟು ಅಂತ ಕೇಳಿದಳು. ಸಾಹೇಬರು ಉತ್ಸಾಹದಲ್ಲಿ ನೆಲಮಾಳಿಗೆಯ ಕ್ಯಾಂಟೀನಿಗಿಂತ ಕಡಿಮೆ ಅಂದುಬಿಟ್ಟರು.

ಆ ಮಾತು ಬೇಕಾಗಿರಲಿಲ್ಲ.

ಬುಧವಾರ ಮಧ್ಯಾಹ್ನ ಆ ಅತ್ತೆ, ಅವಳ ಮಗಳು, ಮೇಷ್ಟರ ಇಬ್ಬರು ಅಳಿಯಂದಿರು, ಜೊತೆಗೆ ರಜೆಯಲ್ಲಿದ್ದ ಒಬ್ಬ ಕಾಂಪೌಂಡರು, ಹಸಿರು ಬಾಗಿಲು ಹುಡುಕಿಕೊಂಡು ಹೊರಟರು. ಎಲ್ಲ ಊರ ಹೊರಗಿನ ಬಡಾವಣೆಯವರು, ಚೌಕದ ಕಡೆ ಕಾಲಿಟ್ಟು ವರ್ಷಗಳಾಗಿತ್ತು. ಮೂರು ಗಂಟೆಗೆ ವಾಪಸ್ಸು ಬಂದರು. ಹೊಟ್ಟೆ ಖಾಲಿ, ಮುಖ ಕೆಂಪು. ಅತ್ತೆಯ ಕೈಯಲ್ಲಿ ಕಾರಂಜಿಯ ಆಕಾರದ ಅಯಸ್ಕಾಂತದ ಬೊಂಬೆ. ಅಷ್ಟು ದೂರ ಹೋಗಿ ಬರಿಗೈಲಿ ಬರೋದು ಹೇಗೆ ಅಂತ ಕೊಂಡುಕೊಂಡಿದ್ದಳಂತೆ.

ಅವಳು ಅದನ್ನು ನಲ್ಲಿ ಸಾಹೇಬರ ಮುಂದೆ ಹಿಡಿದು, ಇದರಲ್ಲಿ ಬೆಳ್ಳುಳ್ಳಿ ಎಲ್ಲಿದೆ ತೋರಿಸಿ ಅಂದಳು. ಅಳಿಯಂದಿರಲ್ಲಿ ದೊಡ್ಡವನು ನಾವು ಮೂರು ಬೀದಿ ವಿಚಾರಿಸಿದೆವು, ಆ ಹೋಟೆಲು ಮುಚ್ಚಿ ಆರು ವರ್ಷ ಆಗಿದೆ ಅಂತ ಇಡೀ ವಾರ್ಡಿಗೆ ಕೇಳುವಂತೆ ಹೇಳಿದ. ಮೇಷ್ಟರು ಸುಳ್ಳಿನ ದುಷ್ಪರಿಣಾಮ ಕುರಿತು ಶುರುಮಾಡಿದರು. ನರ್ಸಮ್ಮ ಬಾಗಿಲಲ್ಲಿ ಬಂದು ನಿಂತಳು. ಇದೇ ಮುಹೂರ್ತಕ್ಕೆ ಸಾಹೇಬರ ಫೋನು ಬಡಿದುಕೊಂಡಿತು. ಭಾವ. ಎಷ್ಟು ವಿಳಾಸ ಆಯಿತು ಅಂತ ವಿಚಾರಿಸಲು ಮಾಡಿದ್ದರು. ಬೆವರು ಒರೆಸಿಕೊಳ್ಳುತ್ತ ಸಾಹೇಬರು, ಈಗ ನಮ್ಮಣ್ಣನ ಹತ್ತಿರ ಇದ್ದೀನಿ ಭಾವ, ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಟರು. ಆ ಕಡೆ ಭಾವ ಕೈಯಲ್ಲಿ ಫೋನು ಹಿಡಿದು ಎಷ್ಟು ಹೊತ್ತು ನಿಂತಿದ್ದರೋ ದೇವರಿಗೇ ಗೊತ್ತು.

ಸಾಹೇಬರು ಬೆಡ್ಡಿನ ಕಡೆ ತಿರುಗಲು ಧೈರ್ಯ ಸಾಲದೆ ನಕ್ಷೆಯನ್ನು ಮಡಿಸುತ್ತ, ಬಿಚ್ಚುತ್ತ ನಿಂತರು.

ಬೆಡ್ಡಿನವನು ಕೆಮ್ಮಿ, ಎಲ್ಲರೂ ಸುಮ್ಮನಿರಿ ಅಂದ. "ಆರು ವರ್ಷ ದಿನಾ ಆ ಬೊಂಬೆ ಅಂಗಡಿ ಮುಂದೇನೇ ಕೆಲಸಕ್ಕೆ ಹೋಗ್ತಿದ್ದೆ. ನನಗೆ ಗೊತ್ತಿಲ್ವಾ?"

ಹಾಗಾದರೆ ಯಾಕೆ ಕಳಿಸಿದ್ದು ಅಂತ ಸಾಹೇಬರು ಕೇಳಿದರು.

"ಹೋದವನು ವಾಪಸ್ಸು ಬರ್ತಾನಾ ನೋಡೋಣ ಅಂತ."

ಲಾರಿ ಡ್ರೈವರನ ಅತ್ತೆ ಬೊಂಬೆಯನ್ನು ಹದಿನಾಲ್ಕನೇ ಬೆಡ್ಡಿನ ಕಬ್ಬಿಣದ ಕಂಬಿಗೆ ಅಂಟಿಸಿ, ಇರಲಿ ಅಂದು ತನ್ನ ಜಾಗಕ್ಕೆ ಹೋದಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರನ್ನು ಕೆಳಗಿನ ಕಿಟಕಿಗೆ ಕರೆದರು. ಕಿಟಕಿಯ ಹಿಂದೆ ಒಬ್ಬ ಗುಮಾಸ್ತ, ಮೂಗಿನ ತುದಿಗೆ ಕನ್ನಡಕ. ತಂದೆಯ ಹೆಸರು ಕೇಳಿದ. ಸಾಹೇಬರು ಗಾಬರಿಯಲ್ಲಿ ಸ್ವಂತ ತಂದೆಯ ಹೆಸರು ಹೇಳಿದರು. ಗುಮಾಸ್ತ ಕಾಗದ ನೋಡಿ, ಇಲ್ಲಿ ರೋಗಿಯ ತಂದೆಯ ಹೆಸರು ಬೇರೆ ಇದೆಯಲ್ಲ, ಅಣ್ಣ ತಮ್ಮಂದಿರಿಗೆ ಇಬ್ಬರು ಅಪ್ಪಂದಿರು ಹೇಗೆ ಅಂದ. ಸಾಹೇಬರು ಚಿಕ್ಕಪ್ಪನ ಮಗ ಅಂದರು. ಹಾಗಾದರೆ ಅಜ್ಜನ ಹೆಸರು ಒಂದೇ ಇರಬೇಕು ಅಂದ ಗುಮಾಸ್ತ. ಚಿಕ್ಕಮ್ಮನ ಮಗ ಅಂತ ತಿದ್ದಿದರು. ಚಿಕ್ಕಮ್ಮನ ಹೆಸರು ಹೇಳಿ ಅಂದ. ಸಾಲಿನಲ್ಲಿ ಹಿಂದೆ ನಿಂತವರು ಸಾಹೇಬರ ವಂಶವೃಕ್ಷದಲ್ಲಿ ಆಸಕ್ತಿ ವಹಿಸತೊಡಗಿದರು. ಒಬ್ಬ ದತ್ತು ಅಂತ ಹೇಳಿಬಿಡಿ ಅಂತ ಪಿಸುಗುಟ್ಟಿದ.

ಕೊನೆಗೆ ಸಾಹೇಬರು ಕಿಟಕಿಯ ಕಂಬಿ ಹಿಡಿದು ನಿಜ ಹೇಳಿದರು. ನಾನು ಅವರಿಗೆ ಏನೂ ಅಲ್ಲ, ಊಟಕ್ಕೆ ಅಂತ ಬಂದು ತಪ್ಪಿ ಮೇಲೆ ಹೋದೆ, ಆಪರೇಷನ್ ಮಾತ್ರ ನಿಲ್ಲಿಸಬೇಡಿ ಅಂದರು.

ಗುಮಾಸ್ತ ಕನ್ನಡಕ ತೆಗೆದು, ಕಾಗದವನ್ನು ಇವರ ಕಡೆ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ "ಜೊತೆಗಿರುವವರು" ಅಂತ ಅಚ್ಚಾಗಿತ್ತು.

"ತಮ್ಮ ಅಂತ ಎಲ್ಲಿದೆ ಇದರಲ್ಲಿ? ಯಾರಾದರೂ ಆಗಬಹುದು ಸ್ವಾಮಿ. ಹನ್ನೊಂದು ದಿನ ನಾವು ಕೇಳ್ತಾ ಇದ್ದದ್ದು ಯಾರಾದರೂ ಒಬ್ಬರನ್ನ."

ಸಾಹೇಬರು ಸಹಿ ಹಾಕಿದರು. ನಿಷ್ಠಾವಂತ ನೌಕರರಾದ್ದರಿಂದ ಕೆಳಗೆ ದಿನಾಂಕವನ್ನೂ ಹಾಕಿದರು.

ಅದೇ ಹೊತ್ತಿಗೆ ಇತ್ತ ನಮ್ಮ ಕಚೇರಿಯಲ್ಲಿ ಬೇರೆಯದೇ ಗಲಾಟೆ. ಸಾಹೇಬರ ಅಕ್ಕ ಬೆಳಿಗ್ಗೆಯೇ ಬಂದು ನನ್ನ ಮೇಜಿನ ಮುಂದೆ ಕೂತಿದ್ದರು. ರಾತ್ರಿಯಿಡೀ ನಿದ್ದೆ ಮಾಡಿದಂತಿರಲಿಲ್ಲ. ತಮ್ಮನಿಗೆ ಆ ಊರಿನಲ್ಲಿ ಒಬ್ಬ ಅಣ್ಣ ಸಿಕ್ಕಿದ್ದಾನೆ ಅಂತ ಭಾವ ಹೇಳಿದ್ದೇ ತಡ, ಅವರ ಯೋಚನೆ ನೇರವಾಗಿ ತೀರಿಹೋದ ತಂದೆಯ ಮೇಲೆ ಹೋಗಿತ್ತು. ಅಪ್ಪ ಪ್ರಾಯದಲ್ಲಿ ವ್ಯಾಪಾರಕ್ಕೆ ಅಂತ ಆ ಕಡೆ ಹೋಗ್ತಿದ್ದರು, ನಾವು ವ್ಯಾಪಾರ ಅಂತಲೇ ನಂಬಿದ್ವಿ ಅಂತ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಭಾವ, ಮಾವನವರ ಮುಖದಲ್ಲಿ ಅಂಥದ್ದೇನೂ ಕಾಣ್ತಿರಲಿಲ್ಲಪ್ಪ ಅಂತ ಒಂದು ಬಗೆಯ ಗೌರವದಿಂದ ಹೇಳುತ್ತಿದ್ದರು. ನಮ್ಮ ಅಧಿಕಾರಿಗಳು ಹೊರಬಂದು ಸಾಹೇಬರ ಸೇವಾ ಪುಸ್ತಕ ತರಿಸಿದರು. ಕುಟುಂಬದ ಪುಟದಲ್ಲಿ ಒಬ್ಬ ಅಕ್ಕ ಮಾತ್ರ ಇದ್ದರು. ಮಾಹಿತಿ ಮುಚ್ಚಿಟ್ಟಿದ್ದಾರಾ ಅಂತ ಅಧಿಕಾರಿಗಳು ಹುಬ್ಬು ಗಂಟಿಕ್ಕಿದರು.

ಆಗ ನನ್ನ ಮೇಜಿನ ಫೋನು ಬಡಿದುಕೊಂಡಿತು. ನಲ್ಲಿ ಸಾಹೇಬರೇ. ದನಿ ದೂರದಿಂದ ಬರುವಂತಿತ್ತು. ಇನ್ನೊಂದು ವಾರ ರಜೆ ಬೇಕಿತ್ತು ಅಂದರು. ಕಾರಣ ಏನು ಬರೆಯಲಿ ಅಂದೆ. ಅಣ್ಣನಿಗೆ ಆಪರೇಷನ್ ಅಂತ ಬರೆಯಿರಿ ಅಂದರು. ಅಧಿಕಾರಿಗಳು ಸೇವಾ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು, ಇವರಿಗೆ ಅಣ್ಣ ಇದ್ದಾರೇನ್ರೀ ಅಂತ ನನ್ನನ್ನು ಕೇಳಿದರು.

"ಇದ್ದಾರೆ ಸಾರ್," ಅಂದೆ. "ಈ ಸೋಮವಾರದಿಂದ."

ಅಧಿಕಾರಿಗಳು ಬಾಯಿ ತೆರೆಯುವುದರೊಳಗೆ ಅಕ್ಕ ಫೋನು ಕಿತ್ತುಕೊಂಡರು. ಯಾರೋ ಅವನು, ಅಪ್ಪನಿಗೂ ಅವನಿಗೂ ಏನು ಸಂಬಂಧ, ಈಗಲೇ ಹೇಳು ಅಂದರು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು.

"ಒಳಗೆ ಕರ್ಕೊಂಡು ಹೋಗಿದ್ದಾರೆ ಅಕ್ಕ. ಇನ್ನೂ ಬಾಗಿಲು ತೆಗೆದಿಲ್ಲ. ನಾನು ಹೊರಗೆ ಕೂತಿದ್ದೀನಿ."

ಅಕ್ಕ ನಮ್ಮ ಗೋಡೆಯ ಮೇಲಿನ ಪೈಪುಗಳ ನಕ್ಷೆಯನ್ನು ನೋಡಿದರು. ಆಮೇಲೆ ಬೇರೆಯದೇ ದನಿಯಲ್ಲಿ, ಏನಾದರೂ ತಿಂದ್ಯಾ ಅಂತ ಕೇಳಿದರು. ಇಲ್ಲ ಅನ್ನೋ ಉತ್ತರ ಬಂದಿರಬೇಕು. ತಿನ್ನು, ಮೊದಲು ತಿನ್ನು, ಒಬ್ಬನೇ ಕೂತು ಯೋಚನೆ ಮಾಡಬೇಡ ಅಂದು, ಬಾಗಿಲು ತೆಗೆದ ತಕ್ಷಣ ನನಗೆ ಫೋನು ಮಾಡು ಅಂದರು. ಅಧಿಕಾರಿಗಳು ಸೇವಾ ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡು ಒಳಗೆ ಹೋದರು. ರಜೆ ಮಂಜೂರಾದದ್ದು ಹಾಗೆ.

ಮುಂದಿನದನ್ನು ಸಾಹೇಬರೇ ನನಗೆ ಹೇಳಿದ್ದು. ಎರಡು ಗಂಟೆ ಅಂದದ್ದು ಮೂರಾಯಿತು. ಕುರ್ಚಿಯ ಒಂದು ಕಾಲು ಗಿಡ್ಡ, ಅಲುಗಾಡುತ್ತಿತ್ತು. ಸೌಟಮ್ಮ ಕ್ಯಾಂಟೀನು ಬಿಟ್ಟು ಮೂರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ ಮುಚ್ಚಿದ ತಟ್ಟೆ ಅವರ ಮಡಿಲಲ್ಲಿಟ್ಟು ಹೋದಳು. ಅವರು ಮುಚ್ಚಳ ತೆಗೆಯಲಿಲ್ಲ. ನರ್ಸಮ್ಮ ಎರಡು ಸಲ ಹೊರಗೆ ಬಂದಳು, ಎರಡು ಸಲವೂ ಬೇರೆಯವರ ವಿಷಯಕ್ಕೆ. ಮೂರನೇ ಸಲ ಬಂದಾಗ ಕೈ ಸನ್ನೆ ಮಾಡಿ ಕರೆದಳು. ಎಲ್ಲಾ ಸರಿಹೋಯ್ತು, ಇನ್ನೂ ಪೂರ್ತಿ ಎಚ್ಚರ ಆಗಿಲ್ಲ, ಏನೇನೋ ಮಾತಾಡ್ತಾ ಇದ್ದಾರೆ, ಹತ್ತಿರ ಕೂತಿರಿ ಅಂದಳು.

ಸಾಹೇಬರು ತಟ್ಟೆ ಹಿಡಿದುಕೊಂಡೇ ಒಳಗೆ ಹೋದರು. ಅಣ್ಣ ಕಣ್ಣು ಅರ್ಧ ತೆರೆದಿದ್ದ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅನ್ನೋದು ತಿಳಿದಿತ್ತು, ಯಾರು ಅನ್ನೋದು ತಿಳಿದಿರಲಿಲ್ಲ. ಆಸ್ಪತ್ರೆ ಅಂಗಿಯ ಕತ್ತುಪಟ್ಟಿ ಸರಿಮಾಡಿಕೊಂಡ. ಬೆನ್ನು ನೇರ ಮಾಡಲು ಹೋದ, ಆಗಲಿಲ್ಲ.

"ಬನ್ನಿ ಸಾರ್, ಬನ್ನಿ," ಅಂದ. "ಎಷ್ಟು ಜನ?"

ನಲ್ಲಿ ಸಾಹೇಬರು ಬೆಡ್ಡಿನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ತಟ್ಟೆಯ ಮುಚ್ಚಳ ತೆಗೆದರು.

"ಇಬ್ಬರು," ಅಂದರು.